ಚಮಚದ ಉಂಗುರ, ಬಿದ್ರಿಯ ಓಲೆ

ಹಳೆಯ ಚಮಚ, ಫೋರ್ಕುಗಳನ್ನು ಬಾಗಿಸಿ ಉಂಗುರ, ಕಡಗ, ಪದಕಗಳನ್ನು ಮಾಡಿ ಮಾರುವುದು ಇಂದು ಒಂದು ಕಸುಬಾಗಿದೆ. ಐ.ಟಿ. ನೌಕರರು ನೆಲೆಸಿರುವ ಬೆಂಗಳೂರಿನ ಬ್ರೂಕ್‌ಫೀಲ್ಡ್‌ನಂತಹ ಬಡಾವಣೆಗಳಲ್ಲಿ 'ಕೈಯಿಂದ ಮಾಡಿದ್ದು' ಎಂಬ ಮಾತಿಗೆ ಒಳ್ಳೆಯ ಬೆಲೆಯಿದೆ. ಇದನ್ನು ಉಳ್ಳವರ ಶೋಕಿ ಎಂದು ತಳ್ಳಿಹಾಕುವುದು ಸುಲಭ. ಆದರೆ ಒಡವೆಯನ್ನು ಕೈಗೆತ್ತಿಕೊಂಡು ನೋಡದೆ ತೀರ್ಪು ಕೊಡುವುದು ವಿಮರ್ಶೆಯಾಗಲಾರದು.

ನಮ್ಮ ಅಡುಗೆಮನೆಯ ಸ್ಟೀಲ್ ಚಮಚ ಈ ಕೆಲಸಕ್ಕೆ ಅಷ್ಟಾಗಿ ಒಗ್ಗುವುದಿಲ್ಲ. ಅದು ಗಡುಸು, ಬಾಗಿಸಿದರೆ ಹಿಂದಕ್ಕೆ ಚಿಮ್ಮುತ್ತದೆ. ಬೆಳ್ಳಿ ಲೇಪದ ಹಿತ್ತಾಳೆ ಅಥವಾ ಜರ್ಮನ್ ಸಿಲ್ವರ್‌ನ ಹಳೆಯ ಚಮಚ ಹೆಚ್ಚು ಅನುಕೂಲ. ಹಿಡಿಯನ್ನು ಕತ್ತರಿಸಿ, ಅಂಚನ್ನು ಅರದಿಂದ ಉಜ್ಜಿ, ಉಕ್ಕಿನ ಗೂಟಕ್ಕೆ ಸುತ್ತಿ, ಮರದ ಸುತ್ತಿಗೆಯಿಂದ ಮೆಲ್ಲಗೆ ಬಡಿಯಬೇಕು. ಒಳ್ಳೆಯ ಉಂಗುರದಲ್ಲಿ ಚಮಚ ಮರೆಯಾಗುವುದಿಲ್ಲ. ಹಿಡಿಯ ತುದಿಯ ಹೂಬಳ್ಳಿಯೂ ಉಂಡವರ ಕೈ ಸವೆಸಿದ ಗುರುತೂ ಉಳಿದಿರುತ್ತವೆ. ಕಳಪೆ ಉಂಗುರದಲ್ಲಿ ಹೊಳೆಯುವುದು ಪಾಲಿಶ್ ಮಾತ್ರ. ಇನ್ನೊಂದು ಮಾತು: ಜರ್ಮನ್ ಸಿಲ್ವರ್‌ನಲ್ಲಿ ಬೆಳ್ಳಿಯೇ ಇಲ್ಲ. ಅದು ತಾಮ್ರ, ನಿಕಲ್, ಸತುವಿನ ಮಿಶ್ರಣ. ನಿಕಲ್ ಕೆಲವರ ಚರ್ಮಕ್ಕೆ ತುರಿಕೆ ತರುತ್ತದೆ. ಮಾರುವವರು ಇದನ್ನು ಬಾಯಿಬಿಟ್ಟು ಹೇಳಬೇಕು.

ಈ ಉಂಗುರವನ್ನು ತೂಗಿ ನೋಡಲು ಕರ್ನಾಟಕದಲ್ಲೇ ಒಂದು ತಕ್ಕಡಿಯಿದೆ, ಬೀದರಿನ ಬಿದ್ರಿ ಕಲೆ. ಅದೂ ಊಟ, ಉಪಚಾರದ ಸಾಮಾನುಗಳಿಂದ ಒಡವೆಯತ್ತ ಬಂದಿದೆ. ಹಿಂದೆ ಹುಕ್ಕಾದ ಬುಡ, ಪಾನ್‌ದಾನ್, ತಟ್ಟೆಗಳನ್ನು ಮಾಡುತ್ತಿದ್ದ ಹುನರ್ ಇಂದು ಓಲೆ, ಪದಕಗಳನ್ನೂ ಮಾಡುತ್ತಿದೆ. ಸತುವಿಗೆ ತುಸು ತಾಮ್ರ ಬೆರೆಸಿ ಎರಕ ಹೊಯ್ಯುತ್ತಾರೆ. ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪಾಗಿಸಿ, ಉಳಿಯಿಂದ ಚಿತ್ರ ಕೊರೆದು, ಗೆರೆಯೊಳಗೆ ಬೆಳ್ಳಿಯ ತಂತಿ ಕೂರಿಸುತ್ತಾರೆ. ಕೊನೆಗೆ ಬೀದರ್ ಕೋಟೆಯ ಮಣ್ಣು, ನವಸಾಗರ ಕಲಸಿ ಹಚ್ಚಿದರೆ ಲೋಹ ಶಾಶ್ವತವಾಗಿ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೆ ಉಳಿಯುತ್ತದೆ. ಒಡವೆ ಚಿಕ್ಕದಾದರೂ ಈ ಯಾವ ಹಂತವನ್ನೂ ಬಿಡುವಂತಿಲ್ಲ. ಉಪಯೋಗ ಕಳೆದುಕೊಂಡ ಕಲೆ ಕಿವಿಯ ಓಲೆಯಾಗಿ ಬದುಕುವುದರಲ್ಲಿ ಅವಮಾನವೇನೂ ಇಲ್ಲ.

ಅವಮಾನವಿರುವುದು ಬೇರೆ ಕಡೆ. ನಮ್ಮ ಮನೆಗಳ ಪಾತ್ರೆಗಳನ್ನು ತಿರುಗಿಸಿ ನೋಡಿ. ಮದುವೆಗೆ ಕೊಟ್ಟವರ ಹೆಸರಿದೆ, ಪಡೆದವರ ಹೆಸರಿದೆ, ಮಾಡಿದವರ ಹೆಸರಿಲ್ಲ. ಚಮಚದ ಉಂಗುರವನ್ನು ತಾನೇ ಮಾಡಿ ತಾನೇ ಮಾರುವವರು ತಮ್ಮ ಹೆಸರನ್ನು ಚೀಟಿಯಲ್ಲಿ ಹಾಕಿ ಕೊಡಬಲ್ಲರು. ಅದು ನ್ಯಾಯವೇ. ಆದರೆ ಬಿದ್ರಿಯ ಓಲೆ ದೂರದ ನಗರದ ಅಂಗಡಿ ಸೇರುವಾಗ ಊರಿನ ಹೆಸರು ಉಳಿದು ಕೈಯ ಹೆಸರು ಕಳೆದುಹೋಗುತ್ತದೆ. 2006ರಲ್ಲಿ ಬಿದ್ರಿಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಅದು ಕಾಯುವುದು ಊರಿನ ಹೆಸರನ್ನು. 2023ರಲ್ಲಿ ಬೀದರಿನ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂದಾಗ ನಾವೆಲ್ಲ ಸಂತೋಷಪಟ್ಟೆವು. ಆದರೆ ಪ್ರಶಸ್ತಿ ಒಬ್ಬರನ್ನು ಗುರುತಿಸುತ್ತದೆ. ಎರಕ ಹೊಯ್ಯುವವರು, ಕೊರೆಯುವವರು, ತಂತಿ ಕೂರಿಸುವವರು ಹೆಸರಿಲ್ಲದೆಯೇ ಉಳಿಯುತ್ತಾರೆ.

ಹೆಸರಿಲ್ಲದ ಕೆಲಸಕ್ಕೆ ಸಿಗುವುದು ಕೂಲಿ, ಹೆಸರಿರುವ ಕೆಲಸಕ್ಕೆ ಸಿಗುವುದು ಬೆಲೆ. ಕಾರೀಗರನ ಮಗ ಈ ವ್ಯತ್ಯಾಸವನ್ನು ಬೇಗ ಕಲಿಯುತ್ತಾನೆ. ಆದ್ದರಿಂದ ಒಡವೆ ಕೊಳ್ಳುವಾಗ ದರ ವಿಚಾರಿಸುವ ಮೊದಲು ನಾವು 'ಇದನ್ನು ಮಾಡಿದ್ದು ಯಾರು?' ಎಂದು ಕೇಳೋಣ. ಉತ್ತರ ಗೊತ್ತಿಲ್ಲದ ಅಂಗಡಿಯವರು ನಾಲ್ಕು ಮಂದಿ ಕೇಳಿದ ಮೇಲಾದರೂ ತಿಳಿದುಕೊಂಡಾರು.