ಕೃಷಿ ಕಾರ್ಯಾನುಭವ: ನಕಾಶೆಯಲ್ಲಿ ಕಾಣದ ನೀರು

ಕೃಷಿ ಪದವಿಯ ಕೊನೆಯ ವರ್ಷದ ವಿದ್ಯಾರ್ಥಿಗಳನ್ನು ಹಳ್ಳಿಯಲ್ಲಿ ಇರಿಸಿ ಸಣ್ಣ ಹಿಡುವಳಿಯ ಕೆಲಸವನ್ನೂ ಕಷ್ಟವನ್ನೂ ಕಲಿಸುವ ಗ್ರಾಮೀಣ ಕೃಷಿ ಕಾರ್ಯಾನುಭವ ಶಿಬಿರಕ್ಕೆ, 1992ರಲ್ಲಿ ರಂಧಾವಾ ಸಮಿತಿ ಅದನ್ನು ಶಿಫಾರಸು ಮಾಡಿದಂದಿನಿಂದ, ಸಾಧನೆಗೆ ಮೀರಿದ ಹೆಸರು ಬಂದಿದೆ. ಐದನೆಯ ಡೀನರ ಸಮಿತಿ ರೂಪಿಸಿದ 20 ವಾರಗಳ ವ್ಯವಸ್ಥೆಯಲ್ಲಿ ಹಳ್ಳಿವಾಸಕ್ಕೆ ಸಿಗುವುದು 8 ವಾರ. ಉಳಿದದ್ದು ಸಂಶೋಧನಾ ಕೇಂದ್ರ, ಸಸ್ಯ ಚಿಕಿತ್ಸಾಲಯ, ಕೃಷಿ ಉದ್ಯಮ, ವರದಿ ಬರವಣಿಗೆ ಎಂದು ಹಂಚಿಹೋಗುತ್ತದೆ. ಮಣ್ಣಿನ ಮಾದರಿ ತೆಗೆಯುವುದು, ತೊಗರಿಯ ನೆಟೆ ರೋಗ ತಡೆಯಲು ಬೀಜಕ್ಕೆ ಟ್ರೈಕೋಡರ್ಮಾ ಲೇಪಿಸುವುದು ಮುಂತಾದ ಪ್ರಾತ್ಯಕ್ಷಿಕೆಗಳ ಉಪಯೋಗವನ್ನು ಅಲ್ಲಗಳೆಯಬೇಕಿಲ್ಲ. ಆದರೆ ಶಿಬಿರವು ಹೆಮ್ಮೆಯಿಂದ ಮುಂದಿಡುವ ಗ್ರಾಮ ನಕಾಶೆಯನ್ನು ಸಿಂಧನೂರು, ಮಸ್ಕಿ, ಲಿಂಗಸುಗೂರು ತಾಲ್ಲೂಕುಗಳ ಹೊಲಗಳ ಎದುರಿಗಿಟ್ಟು ನೋಡಿದರೆ, ಅದು ತೋರಿಸುವುದಕ್ಕಿಂತ ಮರೆಮಾಡುವುದೇ ಹೆಚ್ಚು.

ಗುಡಿಯ ಅಂಗಳದಲ್ಲಿ ರಂಗೋಲಿ ಪುಡಿಯಿಂದ ಮನೆ, ದಾರಿ, ಹಳ್ಳ, ಹೊಲಗಳನ್ನು ಬಿಡಿಸುವ ಈ ವಿಧಾನವು ಸಹಭಾಗಿತ್ವದ ಗ್ರಾಮೀಣ ಸಮೀಕ್ಷೆಯ, ಅಂದರೆ ಊರಿನವರ ತಿಳಿವಳಿಕೆಯನ್ನು ಅವರಿಂದಲೇ ಚಿತ್ರಿಸಿ ಕಲಿಯುವ ಪದ್ಧತಿಯ, ಒಂದು ಅಂಗ. ಗೆರೆ ಎಳೆಯುವ ಕೋಲನ್ನು ಊರಿನವರ ಕೈಗೇ ಕೊಡಬೇಕೆಂದು ಈ ಪದ್ಧತಿಯನ್ನು ಬೆಳೆಸಿದ ರಾಬರ್ಟ್ ಚೇಂಬರ್ಸ್ ಒತ್ತಿ ಹೇಳಿದ್ದರು. ಶಿಬಿರದಲ್ಲಿ ಬಣ್ಣದ ಪೊಟ್ಟಣ ಬಹುಮಟ್ಟಿಗೆ ವಿದ್ಯಾರ್ಥಿಗಳ ಕೈಯಲ್ಲೇ ಉಳಿಯುತ್ತದೆ. ದೋಷ ಅಲ್ಲಿಗೆ ಮುಗಿಯುವುದಿಲ್ಲ. ಸಿಂಧನೂರಿನ ಹಳ್ಳಿಯೊಂದರ ನಕಾಶೆಯಲ್ಲಿ ತುಂಗಭದ್ರಾ ಎಡದಂಡೆಯ ವಿತರಣಾ ಕಾಲುವೆ ಉದ್ದಕ್ಕೂ ಒಂದೇ ಅಗಲದ ನೀಲಿ ಪಟ್ಟೆಯಾಗಿ ಬರುತ್ತದೆ. ಎಡದಂಡೆ ಕಾಲುವೆಯನ್ನು ಯೋಜಿಸಿದ್ದು ಬಹುಪಾಲು ಜೋಳ, ಹತ್ತಿಯಂಥ ಕಡಿಮೆ ನೀರಿನ ಬೆಳೆಗಳಿಗೆ. ಮೇಲ್ಭಾಗದಲ್ಲಿ ಭತ್ತ ಹಬ್ಬಿದಂತೆಲ್ಲ ಕೆಳಭಾಗಕ್ಕೆ, ಅಂದರೆ ಕೊನೆಯ ತೂಬುಗಳ ಅಚ್ಚುಕಟ್ಟಿಗೆ, ನೀರು ಮುಟ್ಟದಾಯಿತು. ನೀರಾವರಿ ಸಂಶೋಧಕ ಪೀಟರ್ ಮೊಲಿಂಗಾ ಇದೇ ಕಾಲುವೆಯನ್ನು ಕುರಿತು ಗ್ರಂಥವನ್ನೇ ಬರೆದಿರುವಾಗ, ವಿದ್ಯಾರ್ಥಿಯ ನಕಾಶೆಯಲ್ಲಿ ಮೇಲಿನ ತೂಬಿನ ಗದ್ದೆಗೂ ಕೊನೆಯ ತೂಬಿನ ಬಿರುಕುಬಿಟ್ಟ ಎರೆಹೊಲಕ್ಕೂ ಒಂದೇ ನೀಲಿ ಸಲ್ಲುತ್ತದೆ. ಕಾಲಕ್ಕೆ ಬೇರೆಯೇ ಆದ ಋತುಮಾನ ಪಟ್ಟಿ ಇದೆಯೆಂಬ ಸಮರ್ಥನೆಯೂ ನಿಲ್ಲದು. ನೀರಿನ ತಿಂಗಳು ಒಂದು ಹಾಳೆಯಲ್ಲಿ, ನೀರಿನ ಜಾಗ ಇನ್ನೊಂದರಲ್ಲಿ ಉಳಿದರೆ, ಯಾವ ತೂಬಿಗೆ ಯಾವ ವಾರ ನೀರು ನಿಂತಿತು, ಆಗ ಪೈರು ಹೊಡೆಯ ಹಂತದಲ್ಲಿತ್ತೇ ಎಂಬ ಪ್ರಶ್ನೆ ಎರಡರಲ್ಲಿಯೂ ಹುಟ್ಟುವುದಿಲ್ಲ. ನಕಾಶೆ ಊರಿನ ಎಲ್ಲೆಯಲ್ಲಿ ನಿಲ್ಲುತ್ತದೆ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್ ಗೇಟ್ ಕೊಚ್ಚಿಹೋದಾಗ ಇಲ್ಲಿಯ ಭತ್ತದ ಗತಿ ತೂಗಾಡಿದ್ದು ಆ ಎಲ್ಲೆಯ ಆಚೆ.

ಲಿಂಗಸುಗೂರು, ಮಸ್ಕಿಗಳ ಖುಷ್ಕಿ ಭಾಗದಲ್ಲಿ, ಸುಗ್ಗಿ ಮುಗಿದು ಗುಳೆ ಹೊರಟಾಗ ಬೀಗ ಬೀಳುವ ತಾಂಡಾದ ಮನೆ ನಕಾಶೆಯಲ್ಲಿ ಮತ್ತೊಂದು ಚೌಕವಷ್ಟೇ. ಲೀಜಿಗೆ ಹಿಡಿದ ಹೊಲಕ್ಕೂ ಅಡತಿ ಅಂಗಡಿಯ ಸಾಲಕ್ಕೂ ಯಾವ ಬಣ್ಣವೂ ಇಲ್ಲ.

ಶಿಬಿರವನ್ನು ಟೀಕಿಸುವವರೂ ಈ ಕೊರತೆಯನ್ನು ಗಮನಿಸಿಲ್ಲ. ವಿದ್ಯಾರ್ಥಿಗಳ ಕಣ್ಣು ಸ್ಪರ್ಧಾತ್ಮಕ ಪರೀಕ್ಷೆಯ ಮೇಲಿದೆ ಎಂದು ದೂರುವವರದು ಅನ್ಯಾಯದ ಮಾತು. ದಿನಚರಿ, ಛಾಯಾಚಿತ್ರ, ಪ್ರಾತ್ಯಕ್ಷಿಕೆಗಳ ಲೆಕ್ಕಕ್ಕೆ ಅಂಕ ಇರುವಾಗ ಅವರು ಅವನ್ನೇ ಒದಗಿಸುತ್ತಾರೆ. ವಾರಗಳನ್ನು ಹೆಚ್ಚಿಸಬೇಕೆನ್ನುವ ಇನ್ನೊಂದು ಪಂಗಡ ಮೇಲ್ನೋಟಕ್ಕೆ ಗಂಭೀರವಾಗಿದ್ದರೂ ಅದರ ವಾದ ಇನ್ನೂ ದುರ್ಬಲ. ಸಾಮಾನ್ಯವಾಗಿ ಏಳನೆಯ ಸೆಮಿಸ್ಟರ್‌ನಲ್ಲಿ, ಮುಂಗಾರಿನ ಬೆಳೆ ನಿಂತಿರುವಾಗ, ಕಾಲುವೆ ಹರಿಯುತ್ತಿರುವಾಗ ನಡೆಯುವ ಶಿಬಿರಕ್ಕೆ ಅದೇ ಕಾಲದ ಇನ್ನೆಂಟು ವಾರ ಸೇರಿಸಿದರೂ, ಎರಡನೆಯ ಬೆಳೆಗೆ ನೀರುಂಟೋ ಇಲ್ಲವೋ ಎಂದು ನೀರಾವರಿ ಸಲಹಾ ಸಮಿತಿಯ ತೀರ್ಮಾನಕ್ಕೆ ಕಾಯುವ ದಿನಗಳಾಗಲಿ, ಬೇಸಿಗೆಯಲ್ಲಿ ಕೆಳಭಾಗದ ರೈತರು ರಾತ್ರಿಯಿಡೀ ತೂಬು ಕಾಯುವ ದಿನಗಳಾಗಲಿ ವಿದ್ಯಾರ್ಥಿಗೆ ದಕ್ಕುವುದಿಲ್ಲ.

ಇರುವ 8 ವಾರಗಳನ್ನೇ ಒಡೆದು ಬಿತ್ತನೆ, ಕೊಯ್ಲು, ಎರಡನೆಯ ಬೆಳೆಯ ನೀರಿನ ಸರದಿ ಎಂದು ವರ್ಷದ ಉದ್ದಕ್ಕೂ ಹಂಚುವುದು ಅಸಾಧ್ಯವಲ್ಲ. ರಂಗೋಲಿಯ ನಕಾಶೆಗೆ ಮೀಸಲಾದ ಅಂಕಗಳನ್ನು, ಕೊನೆಯ ತೂಬಿನ ಒಬ್ಬ ರೈತನ ಹೊಲಕ್ಕೆ ನೀರು ಬಂದ ಮತ್ತು ಬಾರದ ದಿನಗಳನ್ನು ಬೆಳೆಯ ಹಂತದೊಡನೆ, ಕೂಲಿ ಮತ್ತು ಸಾಲದೊಡನೆ ಬರೆದಿಟ್ಟ ದಾಖಲೆಗೆ ಕೊಡಬೇಕು.