ಹಡಗಿಗೂ ಒಂದು ಹೊಸ್ತಿಲು

ಡೇವಿಡ್ ಫಾಸ್ಟರ್ ವ್ಯಾಲೇಸ್ ಬರೆದ ಕ್ರೂಸ್ ಪ್ರಬಂಧವನ್ನು ನಾನು ಮೊದಲು ಓದಿದ್ದು ಆಫೀಸ್ ಕ್ಯಾಬಿನಲ್ಲಿ, ಸಿಲ್ಕ್ ಬೋರ್ಡ್ ಹತ್ತಿರ ಟ್ರಾಫಿಕ್ಕಲ್ಲಿ ಸಿಕ್ಕಿಕೊಂಡಿದ್ದಾಗ. ನಾನು ನಗೋದು ನೋಡಿ ಪಕ್ಕದ ಸೀಟಿನವನು ‘ಏನಾಯ್ತು ಗುರೂ’ ಅಂತ ಕೇಳಿದ್ದ. ಎರಡನೇ ಸಲ ಓದಿದ್ದು ಅಮ್ಮನನ್ನು ಅಲಾಸ್ಕಾ ಕ್ರೂಸ್‌ಗೆ ಕರೆದುಕೊಂಡು ಹೋಗಿ ಬಂದ ಮೇಲೆ. ಆಗ ಅಷ್ಟು ನಗು ಬರಲಿಲ್ಲ.

ಓದಿಲ್ಲದವರಿಗಾಗಿ ಎರಡು ಮಾತು. 1995ರ ಮಾರ್ಚಿನಲ್ಲಿ ಅಮೆರಿಕದ ಹಾರ್ಪರ್ಸ್ ಪತ್ರಿಕೆ ತನ್ನ ಖರ್ಚಿನಲ್ಲಿ ವ್ಯಾಲೇಸನನ್ನು ಕೆರಿಬಿಯನ್ ಕಡಲಿಗೆ ಏಳು ರಾತ್ರಿಯ ಕ್ರೂಸ್ ಮೇಲೆ ಕಳಿಸಿತು. ಲೇಖನ 1996ರ ಜನವರಿಯಲ್ಲಿ ಬಂತು. ಮರುವರ್ಷ ಅದೇ ಇನ್ನಷ್ಟು ಬೆಳೆದು ಅವನ ಪ್ರಬಂಧ ಸಂಕಲನಕ್ಕೆ ಹೆಸರೂ ಆಯಿತು. ಹಡಗಿನ ನಿಜವಾದ ಹೆಸರು ಜೆನಿತ್, ಅಂದರೆ ನೆತ್ತಿಯ ಮೇಲಿನ ಬಿಂದು. ಅವನು ಅದನ್ನು ಉಲ್ಟಾ ಮಾಡಿ ನೇಡಿರ್ ಅಂದ. ಅವನ ವಾದ ಇಷ್ಟು: ಕ್ರೂಸ್ ಕಂಪನಿ ನಿಮಗೆ ಮಾರೋದು ಊರನ್ನಲ್ಲ, ಒಂದು ಮನಃಸ್ಥಿತಿಯನ್ನು. ನೀವು ಏನೂ ಮಾಡಬೇಕಿಲ್ಲ, ಏನೂ ನಿರ್ಧರಿಸಬೇಕಿಲ್ಲ, ಮಗುವಿನ ಹಾಗೆ ಇದ್ದುಬಿಡಿ ಅನ್ನೋ ಆಶ್ವಾಸನೆ. ಆ ಮುದ್ದಿನ ಅಡಿಯಲ್ಲಿರೋದು ಮುಪ್ಪು, ಸಾವುಗಳ ಭಯ.

ಇದರಲ್ಲಿ ಬಹುಪಾಲು ನಿಜ. ನನಗೆ ಈಗಲೂ ತುಂಬಾ ಇಷ್ಟವಾಗೋದು ಅವನು ಕಂಪನಿಯ ಬ್ರೋಷರಿಗೆ ಕೈಹಾಕುವ ಭಾಗ. ಫ್ರಾಂಕ್ ಕಾನ್ರಾಯ್ ಅನ್ನೋ ಒಳ್ಳೆಯ ಲೇಖಕ ದುಡ್ಡು ತಗೊಂಡು ಬರೆದ ಹೊಗಳಿಕೆ ಅದರಲ್ಲಿ ಪ್ರಬಂಧದ ವೇಷ ಹಾಕಿಕೊಂಡು ಕೂತಿದೆ. ವ್ಯಾಲೇಸ್ ಅದನ್ನು ಎಳೆಎಳೆಯಾಗಿ ಬಿಡಿಸುತ್ತಾನೆ. ಇವತ್ತಿನ ಟ್ರಾವೆಲ್ ರೀಲ್‌ಗಳನ್ನು ನೋಡುವವರು ಆ ಪುಟಗಳನ್ನಾದರೂ ಓದಬೇಕು.

ನನ್ನ ತಕರಾರು ಬೇರೆ. ಡೆಕ್ ಮೇಲೆ ಬಿಸಿಲು ಕಾಯುತ್ತಿದ್ದ ಮೈಗಳನ್ನು ನೋಡಿ, ಬಹುಪಾಲು ಸವೆದು ಕುಸಿಯುತ್ತಿರುವ ಮೈಗಳೇ ಅಂತ ವ್ಯಾಲೇಸ್ ಬರೆಯುತ್ತಾನೆ. ಆ ಮೈಗಳು ಅವನಿಗೆ ರೂಪಕ. ಆದರೆ ಅಂಥ ಒಂದು ಮೈ ಬೆಳಿಗ್ಗೆ ಎದ್ದು ಬಾತ್‌ರೂಮಿಗೆ ಹೇಗೆ ಹೋಗುತ್ತೆ, ಲಿಫ್ಟಿನ ಮುಂದೆ ಎಷ್ಟು ಹೊತ್ತು ಕಾಯುತ್ತೆ, ತಟ್ಟೆ ಹಿಡಿದುಕೊಂಡು ವಾಕರ್ ಹೇಗೆ ತಳ್ಳುತ್ತೆ? ಕುತೂಹಲವೇ ಬಂಡವಾಳವಾಗಿದ್ದವನು ಈ ಕುತೂಹಲದ ಹತ್ತಿರ ನಿಲ್ಲುವುದೇ ಇಲ್ಲ. ಒಬ್ಬನೇ ಹೋಗಿದ್ದ, ಮೂವತ್ತಮೂರು ವಯಸ್ಸು, ಎರಡು ಗಟ್ಟಿ ಕಾಲು. ನಾನೂ ಒಬ್ಬನೇ ಹೋಗಿದ್ದರೆ ಹಾಗೇ ಬರೀತಿದ್ದೆನೇನೋ.

ಅಮ್ಮನಿಗೆ ಎರಡೂ ಮಂಡಿ ಹೋಗಿವೆ. ಅರಸೀಕೆರೆ ಹತ್ತಿರದ ನಮ್ಮ ಹಳ್ಳಿಯಲ್ಲಿ ಮೂವತ್ತು ವರ್ಷ ನೀರು ಹೊತ್ತ ಮಂಡಿಗಳು. ಮನೆಯೊಳಗೆ ವಾಕರ್, ಹೊರಗೆ ವೀಲ್‌ಚೇರ್. ನಾನು ಪ್ರಾಜೆಕ್ಟ್ ಮೇಲೆ ಸಿಯಾಟಲ್‌ನಲ್ಲಿದ್ದ ವರ್ಷ ಅವಳು ಬಂದಿದ್ದಳು. ಒಂದೇ ಸಲ ಬ್ಯಾಗ್ ಬಿಚ್ಚಿದರೆ ಸಾಕು, ಎಲ್ಲ ಕಡೆ ಲಿಫ್ಟ್ ಇರುತ್ತೆ, ಊರೇ ನಮ್ಮ ಹತ್ತಿರ ಬರುತ್ತೆ ಅನ್ನೋದು ನನ್ನ ಲೆಕ್ಕ. ಒಂದು ದಿನದ ಮಟ್ಟಿಗೆ ಆ ಲೆಕ್ಕ ಪಕ್ಕಾ ಆಯ್ತು. ಗ್ಲೇಸಿಯರ್ ಬೇಯಲ್ಲಿ ಮಾರ್ಜರಿ ಹಿಮನದಿಯ ಎದುರು ಹಡಗು ನಿಂತು ನಿಧಾನಕ್ಕೆ ಸುತ್ತು ತಿರುಗಿತು. ಅಮ್ಮ ಬಾಲ್ಕನಿ ಬಾಗಿಲಲ್ಲಿ ಕೂತಲ್ಲೇ ಕೂತಿದ್ದಳು, ನೀಲಿ ಮಂಜಿನ ಗೋಡೆ ತಾನಾಗೇ ಅವಳ ಮುಂದೆ ಬಂತು. ‘ನಾನು ದೇವಸ್ಥಾನಕ್ಕೆ ಹೋಗೋಕಾಗ್ದೆ ತೇರೇ ಮನೆ ಮುಂದೆ ಬಂದಂಗಾಯ್ತಲ್ಲೋ’ ಅಂದಳು.

ಬಾಲ್ಕನಿಗಾಗಿ ಹೆಚ್ಚು ದುಡ್ಡು ಕೊಟ್ಟಿದ್ದೆ. ಬಾತ್‌ರೂಮ್ ಬಗ್ಗೆ ಕೇಳಿರಲಿಲ್ಲ. ವೀಲ್‌ಚೇರ್ ಹೋಗುವಂಥ ಕೋಣೆಗಳು ಹಡಗಿನಲ್ಲಿ ಕೆಲವೇ ಇರುತ್ತವೆ, ಬೇಗ ಮುಗಿದುಹೋಗುತ್ತವೆ. ನಾನು ಕೊನೇ ಗಳಿಗೆಯ ಡಿಸ್ಕೌಂಟಿಗೆ ಕಾದವನು. ನಮಗೆ ಸಿಕ್ಕ ಮಾಮೂಲಿ ಕೋಣೆಯಲ್ಲಿ ಬಾತ್‌ರೂಮ್ ಬಾಗಿಲಿಗೆ ಸುಮಾರು ಅರ್ಧ ಅಡಿಯ ಕಟ್ಟೆ, ನೀರು ಹೊರಗೆ ಬರಬಾರದು ಅಂತ. ‘ಹಡಗಿಗೂ ಹೊಸ್ತಿಲು ಇಟ್ಟವ್ರೆ’ ಅಂತ ಅಮ್ಮ ನಕ್ಕಳು.

ಈ ಹೊಸ್ತಿಲು ಅಮೆರಿಕದ ಸುಪ್ರೀಂ ಕೋರ್ಟಿನವರೆಗೂ ಹೋಗಿದೆ. 1998, 1999ರಲ್ಲಿ ಹ್ಯೂಸ್ಟನ್‌ನಿಂದ ಹೊರಡುವ ಹಡಗುಗಳಿಗೆ ಟಿಕೆಟ್ ಕೊಂಡಿದ್ದ ಅಂಗವಿಕಲರು ಮತ್ತು ಅವರ ಜೊತೆಗಾರರು ನಾರ್ವೇಜಿಯನ್ ಕ್ರೂಸ್ ಲೈನ್ ಮೇಲೆ ಕೇಸು ಹಾಕಿದ್ದರು. ಅನುಕೂಲದ ಕೋಣೆಗೆ ಹೆಚ್ಚು ದುಡ್ಡು ಕೇಳಿದರು, ಬಾಗಿಲ ಕಟ್ಟೆಗಳು ಅಡ್ಡ ಬಂದವು ಅನ್ನೋದೆಲ್ಲ ದೂರಿನಲ್ಲಿತ್ತು. ಹಡಗಿನ ಬಾವುಟ ಬಹಾಮಾಸ್‌ನದು, ಹಾಗಿದ್ದಾಗ ಅಮೆರಿಕದ 1990ರ ಅಂಗವಿಕಲರ ಕಾಯ್ದೆ ಅದಕ್ಕೆ ಅನ್ವಯಿಸುತ್ತದೆಯೇ? ಅನ್ವಯಿಸುತ್ತದೆ ಅಂತ 2005ರಲ್ಲಿ ಕೋರ್ಟ್ ಹೇಳಿತು. ಆದರೆ ಹಡಗಿನ ಸುರಕ್ಷತೆಯ ಅಂತರರಾಷ್ಟ್ರೀಯ ನಿಯಮಗಳಿಗೆ ವಿರುದ್ಧವಾದ ಬದಲಾವಣೆ ಮಾಡಬೇಕಿಲ್ಲ ಅಂತಲೂ ಹೇಳಿತು. ಆ ದೂರಿನಲ್ಲಿ ‘ಜೊತೆಗಾರರು’ ಅನ್ನೋ ಪದ ಇರೋದು ನನಗೆ ಹಿಡಿಸಿತು. ಕ್ರೂಸ್ ಬಗ್ಗೆ ಓದಿದ ಸಾಹಿತ್ಯದಲ್ಲಿ ನನಗೆ ಸಿಗದ ಪಾತ್ರ ಅದು.

ಜೂನೋದಲ್ಲಿ ಉಬ್ಬರ ಇಳಿತದ ವ್ಯತ್ಯಾಸ ಕೆಲವು ದಿನ 20 ಅಡಿ ದಾಟುತ್ತದೆ. ದಡಕ್ಕೆ ಇಳಿಯುವ ಹಲಗೆದಾರಿ ಬೆಳಿಗ್ಗೆ ಚಪ್ಪಟೆ ಇದ್ದದ್ದು ಮಧ್ಯಾಹ್ನಕ್ಕೆ ಇಳಿಜಾರು. ಅಮ್ಮ ಕೆಳಗೆ ನೋಡಿ ‘ನೀ ಹೋಗ್ಬಾ, ನಾನಿಲ್ಲೇ ಕೂತಿರ್ತೀನಿ’ ಅಂದಳು. ಹೋದೆ. ನಿಜ ಹೇಳಬೇಕೆಂದರೆ, ಸದ್ಯ ಅನ್ನಿಸ್ತು. ಮೂರು ದಿನದಿಂದ ವೀಲ್‌ಚೇರ್ ತಳ್ಳಿ, ಅವಳ ಕೂದಲು ಮಾತ್ರ ನೋಡಿ ಸಾಕಾಗಿತ್ತು. ನಾಲ್ಕು ಗಂಟೆ ಕಾಡಿನಲ್ಲಿ ಅಲೆದು, ಒಂದಿಷ್ಟು ಫೋಟೋ ಹೊಡೆದುಕೊಂಡು ವಾಪಸ್ ಬಂದೆ. ಟೇಬಲ್ ಮೇಲೆ ನಾನಿಟ್ಟು ಹೋಗಿದ್ದ ನೀರಿನ ಬಾಟಲಿ ತುಂಬಿದ್ದು ಹಾಗೇ ಇತ್ತು. ಯಾಕಮ್ಮ ಅಂದರೆ ಬಾಯಾರಿಕೆ ಆಗಲಿಲ್ಲ ಅಂದಳು. ಆಮೇಲೆ ಗೊತ್ತಾಯಿತು, ಹೊರಟ ದಿನದಿಂದ ನಾನು ಪಕ್ಕದಲ್ಲಿ ಇಲ್ಲದಾಗಲೆಲ್ಲ ಅವಳು ನೀರೇ ಕುಡಿದಿರಲಿಲ್ಲ. ಹೊಸ್ತಿಲು ದಾಟಬೇಕಾಗುತ್ತಲ್ಲ ಅಂತ.

ವ್ಯಾಲೇಸನ ಪ್ರಬಂಧದಲ್ಲಿ ಪೆಟ್ರಾ ಅಂತ ಕೋಣೆ ಗುಡಿಸುವ ಹುಡುಗಿ ಇದ್ದಾಳೆ. ಅವನು ಅರ್ಧ ಗಂಟೆಗಿಂತ ಹೆಚ್ಚು ಹೊರಗಿದ್ದರೆ ಸಾಕು, ಕೋಣೆ ಚೊಕ್ಕ ಆಗಿರುತ್ತೆ. ಅದಕ್ಕಿಂತ ಬೇಗ ಬಂದರೆ ಆಗಿರೋದಿಲ್ಲ. ಅವಳಿಗೆ ಹೇಗೆ ಗೊತ್ತಾಗುತ್ತೆ ಅಂತ ಕಂಡುಹಿಡಿಯೋಕೆ ಗಡಿಯಾರ ಇಟ್ಟುಕೊಂಡು ಪ್ರಯೋಗ ಮಾಡುತ್ತಾನೆ. ಮೊದಲ ಸಲ ಓದಿದಾಗ ಪಕ್ಕದ ಸೀಟಿನವನು ತಿರುಗಿ ನೋಡಿದ್ದು ಇದೇ ಭಾಗಕ್ಕೆ.

ನಮ್ಮ ಕೋಣೆ ನೋಡಿಕೊಳ್ಳುತ್ತಿದ್ದವನು ಇಂಡೋನೇಷ್ಯಾದ ಹುಡುಗ. ಅವನಿಗೆ ಖಾಲಿ ಕೋಣೆ ಸಿಗುತ್ತಲೇ ಇರಲಿಲ್ಲ, ಅಮ್ಮ ಇರುತ್ತಿದ್ದಳು. ಅವನು ಬರೋಕೆ ಮುಂಚೆ ಅವಳೇ ಹಾಸಿಗೆ ಮಡಚಿಡುತ್ತಿದ್ದಳು, ಅವನು ಬಂದು ಬಿಚ್ಚಿ ಮತ್ತೆ ಹಾಸುತ್ತಿದ್ದ. ಅವಳು ಕನ್ನಡದಲ್ಲಿ ಬೈಯುತ್ತಿದ್ದಳು. ಜೂನೋದಿಂದ ಹೊರಟ ಸಂಜೆ ಊಟ ಮುಗಿಸಿ ಬಂದು ನೋಡಿದರೆ ಬಾತ್‌ರೂಮ್ ಕಟ್ಟೆಯ ಮುಂದೆ ರಬ್ಬರಿನ ಸಣ್ಣ ಇಳಿಜಾರು, ಒಳಗೊಂದು ಸ್ಟೂಲು. ನಾನು ಹೇಳಿರಲಿಲ್ಲ. ಅಮ್ಮನಿಗೆ ಇಂಗ್ಲಿಷ್ ಬರೋದಿಲ್ಲ.