ಹನ್ನೆರಡು ಅಡಿಯ ಉಸಿರು

ಫ್ರೆಂಚ್ ಹಾರ್ನ್ ಎಂಬ ಹಿತ್ತಾಳೆ ವಾದ್ಯದ ಚತುಷ್ಟಯಗಳ ಸ್ಪರ್ಧೆಯಲ್ಲಿ ಕಿವಿಗೊಡಬೇಕಾದದ್ದು ಮೊದಲ ಸ್ವರಕ್ಕೂ ಒಂದು ಕ್ಷಣ ಮುಂಚೆ, ನಾಲ್ವರೂ ಒಟ್ಟಿಗೆ ಉಸಿರೆಳೆಯುವ ಸದ್ದಿಗೆ. ಅಲ್ಲಿ ಕೈಬೀಸುವ ನಿರ್ದೇಶಕನಿಲ್ಲ. ತಾಳ ಕೊಡುವುದು ಆ ಉಸಿರೇ.

ಸುರುಳಿ ಬಿಚ್ಚಿದರೆ ಎಫ್ ಶ್ರುತಿಯ ಹಾರ್ನಿನ ಕೊಳವೆ ಸುಮಾರು 12 ಅಡಿ. ಮೇಲಿನ ಸ್ಥಾಯಿಯಲ್ಲಿ ಅದರ ಸಹಜ ಸ್ವರಗಳು ಒತ್ತೊತ್ತಾಗಿ ಕೂತಿರುತ್ತವೆ. ತುಟಿಯ ಬಿಗಿ ಎಳ್ಳಷ್ಟು ತಪ್ಪಿದರೂ ಪಕ್ಕದ ಸ್ವರ ಒಡೆದುಕೊಂಡು ಹೊರಬೀಳುತ್ತದೆ. ಎಡಗೈ ಬೆರಳುಗಳು ವಾಲ್ವ್‌ಗಳ ಮೇಲೆ. ಬಲಗೈ ವಾದ್ಯದ ಅಗಲ ಬಾಯೊಳಗೆ. ಅಂಗೈಯನ್ನು ತುಸು ಮುಚ್ಚಿದರೆ ನಾದ ಮಂಕಾಗಿ ಶ್ರುತಿ ಇಳಿಯುತ್ತದೆ. ನೋಡುವವರಿಗೆ ಮಾತ್ರ ಆ ಕೈ ಸುಮ್ಮನೆ ಆಸರೆ ಕೊಟ್ಟಂತಿರುತ್ತದೆ!

ಇಂಥ ಹಟಮಾರಿ ವಾದ್ಯದಲ್ಲಿ ಜಾಝ್ ಅಂದರೆ ಹುಡುಗಾಟವಲ್ಲ. ಡೆಟ್ರಾಯಿಟ್‌ನ ಜೂಲಿಯಸ್ ವಾಟ್ಕಿನ್ಸ್ (1921–1977) ಅದನ್ನು ಪಳಗಿಸಿದರು. 1953ರಲ್ಲಿ ಜಾಝ್ ಪಿಯಾನೊ ವಾದಕ ಥೆಲೋನಿಯಸ್ ಮಾಂಕ್ ಅವರ ಧ್ವನಿಮುದ್ರಣದಲ್ಲಿ ಸೋನಿ ರೋಲಿನ್ಸ್ ಅವರ ಸ್ಯಾಕ್ಸೊಫೋನಿಗೆ ಜೋಡಿಯಾಗಿ ನಿಂತದ್ದು ವಾಟ್ಕಿನ್ಸ್ ಅವರ ಹಾರ್ನ್. ಮುಂದೆ ಅವರ ಹೆಸರಿನಲ್ಲೇ ಜಾಝ್ ಹಾರ್ನ್ ಸ್ಪರ್ಧೆಯೂ ನಡೆಯಿತು.

ಜಾಝ್ ಸ್ಪರ್ಧಿಗೆ ಬರೆದಿಟ್ಟ ಸ್ವರಗಳ ಆಸರೆ ಪೂರ್ತಿ ಸಿಗುವುದಿಲ್ಲ. ಮುಂದಿನ ಸ್ವರವನ್ನು ಆಗಲೇ ಕಲ್ಪಿಸಿಕೊಂಡು, ತುಟಿಯಲ್ಲಿ ಆಗಲೇ ಹಿಡಿಯಬೇಕು. ಸರದಿ ಮುಗಿದ ಮೇಲೆ ಅವನು ವಾದ್ಯವನ್ನು ಮೆಲ್ಲಗೆ ತಿರುಗಿಸಿ, ಕೊಳವೆಯೊಳಗೆ ಹನಿಗಟ್ಟಿದ ಉಸಿರನ್ನು ನೆಲಕ್ಕೆ ಸುರಿಯುತ್ತಾನೆ.